ಸ್ಮಾರ್ಟ್ ಹಬ್ ಪಾಠಕ್ಕೆ ತೋಟದ ಸ್ಟಾರ್ಟರ್

ತಿಪಟೂರು ಸೀಮೆಯ ಶಾಲೆಯೊಂದರಲ್ಲಿ ‘ಸ್ಮಾರ್ಟ್ ಮನೆಯ ಹಬ್ ಆರಿಸುವುದು ಹೇಗೆ’ ಎಂಬ ಪಾಠವನ್ನು ನಾನು ತೆಂಗಿನ ತೋಟದ ಮೊಬೈಲ್ ಸ್ಟಾರ್ಟರ್‌ನಿಂದ ಆರಂಭಿಸಿದೆ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಕತ್ತಲಲ್ಲಿ ಬೋರ್‌ವೆಲ್ ಹತ್ತಿರ ಹೋಗುವುದೆಂದರೇನೆಂದು ಈ ಮಕ್ಕಳಿಗೆ ವಿವರಿಸಬೇಕಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತರಗತಿಗಳಿಗೂ ಇದೇ ಪೂರ್ವಜ್ಞಾನ ಸಾಕು.

ಮೊಬೈಲ್ ಸ್ಟಾರ್ಟರ್‌ನೊಳಗೆ ಸಿಮ್ ಇರುತ್ತದೆ. ಕರೆ ಅಥವಾ ಎಸ್ಸೆಮ್ಮೆಸ್ ಬಂದರೆ ಅದು ರಿಲೇಗೆ ಆಜ್ಞೆ ಕೊಡುತ್ತದೆ, ಮೋಟರು ಓಡುತ್ತದೆ. ಮನೆಯ ಹಬ್ಬೂ ಹೀಗೆಯೇ ಬಲ್ಬು, ಫ್ಯಾನು, ಬೀಗಗಳಿಗೆ ವೈಫೈ ಅಥವಾ ಜಿಗ್ಬೀ ಮೂಲಕ ಆಜ್ಞೆ ಹಂಚುತ್ತದೆ.

ಕಪ್ಪುಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆ: ನೆಟ್ ಹೋದರೆ ಏನೇನು ನಡೆಯುತ್ತದೆ? ಆಜ್ಞೆ ಕಂಪನಿಯ ಸರ್ವರ್‌ಗೆ ಹೋಗಿಬರುವ ಹಬ್ ಆದರೆ ಸುಮ್ಮನಾಗುತ್ತದೆ. ಮನೆಯೊಳಗೇ ನಿರ್ಧರಿಸುವ ಹಬ್ ಕೆಲಸ ಮುಂದುವರಿಸುತ್ತದೆ. ಸರ್ವರನ್ನೇ ಮುಚ್ಚಿದರೆ? 2016ರ ಮೇ ತಿಂಗಳಲ್ಲಿ ಅಮೆರಿಕದ ರಿವಾಲ್ವ್ ಹಬ್‌ನ ಸೇವೆ ನಿಂತಾಗ, ದುಡ್ಡು ಕೊಟ್ಟು ತಂದವರ ಪೆಟ್ಟಿಗೆಗಳು ಕೆಲಸಕ್ಕೆ ಬಾರದಾದವು. “ಹಾಗಾದ್ರೆ ಸ್ಟಾರ್ಟರ್‌ನ ಹಸಿರು ಗುಂಡಿ ಇರ್ಲೇಬೇಕು ಸಾರ್,” ಎಂದಳು ಒಬ್ಬ ಹುಡುಗಿ. ನನ್ನ ಪಾಠಯೋಜನೆಯಲ್ಲಿದ್ದ ಉತ್ತರಕ್ಕಿಂತ ಅದೇ ಚೆನ್ನಾಗಿತ್ತು, ಹಲಗೆಗೆ ಏರಿಸಿದೆ.

ಅಲೆಕ್ಸಾ, ಗೂಗಲ್ ಹೋಮ್, ಆಪಲ್ ಹೋಮ್‌ಗಳ ಹೋಲಿಕೆಯನ್ನು ಬೇಗ ಮುಗಿಸಬಹುದು. 2022ರ ಅಕ್ಟೋಬರಿನಲ್ಲಿ ಬಂದ ‘ಮ್ಯಾಟರ್’ ಮಾನದಂಡದ ಗುರುತಿರುವ ಬಲ್ಬು ಈ ಮೂರರ ಜೊತೆಗೂ ಕೂಡಿಕೊಳ್ಳುತ್ತದೆ. ಆಜ್ಞೆಯೂ ಮನೆಯ ಜಾಲದೊಳಗೇ ಸಾಗಬಲ್ಲದು.

ಗೃಹಪಾಠಕ್ಕೆ, ಫೋನಿನಿಂದ ಮೋಟರಿನವರೆಗೆ ಆಜ್ಞೆ ಸಾಗುವ ದಾರಿಯ ಚಿತ್ರ ಬರೆದು, ಎಲ್ಲಿ ಕಡಿದರೆ ಏನು ನಿಲ್ಲುತ್ತದೆಂದು ಗುರುತಿಸಿ ತರಲು ಹೇಳಿದೆ. ಪೆಟ್ಟಿಗೆ ಮುಟ್ಟಕೂಡದು, ಮನೆಯ ದೊಡ್ಡವರನ್ನು ಕೇಳಿ ಬರೆಯಬೇಕು.