ಸಂಪಾಜೆ ಘಾಟಿ ಹತ್ತುವ ಲಾರಿಗೆ ಯಾವ ಎಣ್ಣೆ?

ಕೊಡಗಿಗೆ ರೈಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಈ ಜಿಲ್ಲೆಯಿಂದ ಒಂದು ಮೂಟೆ ಹೊರಗೆ ಹೋಗಬೇಕಾದರೂ, ಸಿಮೆಂಟು, ಗೊಬ್ಬರ, ಅಕ್ಕಿ ಒಳಗೆ ಬರಬೇಕಾದರೂ ಡೀಸೆಲ್ ಲಾರಿಯೇ ಗತಿ. ಮಂಗಳೂರಿನಿಂದ ಬರುವ ಲಾರಿಗೆ ರಾಷ್ಟ್ರೀಯ ಹೆದ್ದಾರಿ 275ರ ಸಂಪಾಜೆ ಘಾಟಿ ದಾರಿ. ಸುಳ್ಯ ಇರುವುದು ಸಮುದ್ರಮಟ್ಟದಿಂದ ನೂರು ಮೀಟರ್ ಚಿಲ್ಲರೆ ಎತ್ತರದಲ್ಲಿ, ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿ. ನಡುವಿನ ರಸ್ತೆ ಐವತ್ತು ಕಿಲೋಮೀಟರ್. ಈ ದಾರಿಯಲ್ಲಿ ದುಡಿಯುವ ಲಾರಿಗೆ ಮಾಮೂಲಿ ಮಿನರಲ್ ಎಂಜಿನ್ ಆಯಿಲ್ ಸಾಕೇ, ಅದರ ಎರಡು ಪಟ್ಟು ಬೆಲೆಯ ಸಿಂಥೆಟಿಕ್ ಬೇಕೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳೆಲ್ಲ ಬೇರೆ ದೇಶದ ಹವೆಗೆ ಹೇಳಿದವು. ಕೊರೆಯುವ ಚಳಿಯಲ್ಲೂ ಸಿಂಥೆಟಿಕ್ ಗಟ್ಟಿಯಾಗದೆ ಹರಿಯುತ್ತದೆ, ಬೆಳಿಗ್ಗೆ ಎಂಜಿನ್ ಸಲೀಸಾಗಿ ಶುರುವಾಗುತ್ತದೆ ಎನ್ನುವುದು ನಿಜವೇ. ಆದರೆ ನಮ್ಮಲ್ಲಿ ಎಲ್ಲ ಗ್ಯಾರೇಜುಗಳಲ್ಲೂ ಸಿಗುವ 15ಡಬ್ಲ್ಯೂ-40 ಎಣ್ಣೆಯ ಶೀತಪರೀಕ್ಷೆ ನಡೆಯುವುದೇ ಮೈನಸ್ 20 ಡಿಗ್ರಿಯಲ್ಲಿ. ಡಿಸೆಂಬರಿನ ಮಡಿಕೇರಿ ಎಷ್ಟೇ ತಣ್ಣಗಿದ್ದರೂ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಚಳಿಗಾಗಿ ಇಲ್ಲಿ ಯಾರೂ ಸಿಂಥೆಟಿಕ್ ಕೊಳ್ಳಬೇಕಾಗಿಲ್ಲ.

ಇಲ್ಲಿ ಎಣ್ಣೆಯನ್ನು ಹಣ್ಣುಮಾಡುವುದು ಏರು. 16 ಟನ್ ತೂಕದ ಲಾರಿಯನ್ನು ಸುಳ್ಯದಿಂದ ಮಡಿಕೇರಿಯ ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 165 ಮೆಗಾಜೂಲ್. ಒಂದು ಲೀಟರ್ ಡೀಸೆಲಿನಲ್ಲಿ 36 ಮೆಗಾಜೂಲ್ ಶಕ್ತಿಯಿದ್ದರೂ ಚಕ್ರಕ್ಕೆ ತಲುಪುವುದು ಅದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಂದರೆ ಬರೀ ಎತ್ತರ ಏರುವುದಕ್ಕೇ 13 ಲೀಟರ್ ಖರ್ಚು. ಸಪಾಟು ರಸ್ತೆಯಲ್ಲಿ ಲೀಟರಿಗೆ ಐದು ಕಿಲೋಮೀಟರ್ ಕೊಡುವ ಲಾರಿ ಇಷ್ಟೇ ದೂರವನ್ನು 10 ಲೀಟರಿನಲ್ಲಿ ಮುಗಿಸುತ್ತಿತ್ತು. ಇಲ್ಲಿ ಆ ಹತ್ತರ ಜೊತೆಗೆ ಈ ಹದಿಮೂರೂ ಸೇರುತ್ತದೆ. ಸುಟ್ಟ ಪ್ರತಿ ಲೀಟರ್ ಡೀಸೆಲೂ ಒಂದಿಷ್ಟು ಮಸಿ, ಒಂದಿಷ್ಟು ಆಮ್ಲವನ್ನು ಪಿಸ್ಟನ್ ರಿಂಗುಗಳ ಸಂದಿಯಿಂದ ಎಣ್ಣೆಗೆ ಇಳಿಸುತ್ತದೆ. ಮೀಟರ್ ಮಾತ್ರ ಐವತ್ತೇ ಕಿಲೋಮೀಟರ್ ತೋರಿಸುತ್ತದೆ. ಕೆಲವು ಭಾರೀ ಎಂಜಿನ್ ತಯಾರಕರು ಎಣ್ಣೆ ಬದಲಿಸುವ ಅವಧಿಯನ್ನು ಉರಿದ ಇಂಧನದ ಲೆಕ್ಕದಲ್ಲಿ ಹೇಳುವುದು ಈ ಕಾರಣಕ್ಕೇ.

ಹೋಗುವಾಗ ಹೆಚ್ಚು ಉರಿದದ್ದು ಇಳಿಯುವಾಗ ಉಳಿಯುತ್ತದಲ್ಲ, ಸರಾಸರಿ ತೆಗೆದರೆ ಸರಿಹೋಯಿತಲ್ಲ ಎಂದು ಕೇಳಬಹುದು. ಡೀಸೆಲಿನ ಮಟ್ಟಿಗೆ ಈ ಆಕ್ಷೇಪದಲ್ಲಿ ಹುರುಳಿದೆ. ಗೇರಿನಲ್ಲಿ ಇಳಿಯುವ ಲಾರಿಯ ಎಂಜಿನ್ನಿಗೆ ಹೆಚ್ಚುಕಡಿಮೆ ಇಂಧನವೇ ಹೋಗುವುದಿಲ್ಲ. ಆದರೆ ಶಾಖದ ವಿಷಯದಲ್ಲಿ ಸರಾಸರಿ ದಾರಿ ತಪ್ಪಿಸುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದಾಗ ಎಣ್ಣೆ ಆಮ್ಲಜನಕದೊಂದಿಗೆ ಕೂಡಿ ಕೆಡುವ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. 115 ಡಿಗ್ರಿಯಲ್ಲಿ ಕಳೆದ ಒಂದು ಗಂಟೆ, 95 ಡಿಗ್ರಿಯ ನಾಲ್ಕು ಗಂಟೆಗೆ ಸಮ. ಇಳಿಜಾರಿನಲ್ಲಿ ಎಂಜಿನ್ ಎಷ್ಟೇ ತಣ್ಣಗಾದರೂ ಏರಿನಲ್ಲಿ ಕೆಟ್ಟ ಎಣ್ಣೆ ಮತ್ತೆ ಒಳ್ಳೆಯದಾಗುವುದಿಲ್ಲ. ಸಿಂಥೆಟಿಕ್ ಗೆಲ್ಲುವುದು ಇಲ್ಲಿಯೇ. ಮಾಮೂಲಿ ಎಣ್ಣೆಯಲ್ಲಿ ನಾನಾ ಗಾತ್ರದ, ನಾನಾ ಆಕಾರದ ಅಣುಗಳು ಬೆರೆತಿರುತ್ತವೆ, ಶಾಖಕ್ಕೆ ಬೇಗ ಒಡೆಯುವ ಅಣುಗಳೂ ಅವುಗಳಲ್ಲಿ ಇರುತ್ತವೆ. ಪಾಲಿಆಲ್ಫಾಓಲಿಫಿನ್ ಎಂಬ ಕಟ್ಟಿದ ಅಣುಗಳ ಎಣ್ಣೆಯಲ್ಲಾಗಲಿ, ಕಚ್ಚಾ ತೈಲವನ್ನೇ ಜಲಜನಕದೊಂದಿಗೆ ಬಿಸಿ ಮಾಡಿ ಒಡೆದು ಹದಗೊಳಿಸಿದ ಎಣ್ಣೆಯಲ್ಲಾಗಲಿ ಅಂಥ ದುರ್ಬಲ ಅಣುಗಳು ಬಹಳ ಕಡಿಮೆ.

ಇದರ ಪರಿಣಾಮ ನಿಚ್ಚಳವಾಗಿ ಕಾಣುವ ಜಾಗ ಟರ್ಬೊ. ಹೆಬ್ಬೆರಳಿಗಿಂತ ದಪ್ಪವಿಲ್ಲದ ಒಂದು ಶಾಫ್ಟು ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗುತ್ತದೆ. ಅದರ ಒಂದು ತುದಿಯ ಚಕ್ರಕ್ಕೆ ಆರುನೂರು ಡಿಗ್ರಿಗೂ ಮೀರಿದ ಹೊಗೆ ಬಡಿಯುತ್ತಿರುತ್ತದೆ, ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತುತ್ತಿರುತ್ತದೆ. ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವುದು ಕೂದಲೆಳೆಯಷ್ಟು ತೆಳುವಾದ ಎಣ್ಣೆಯ ಪದರ ಮಾತ್ರ. ಘಾಟಿ ಹತ್ತಿ ಮುಗಿಸಿ ಚಹಾ ಕುಡಿಯಲೆಂದು ಲಾರಿ ನಿಲ್ಲಿಸಿ ತಕ್ಷಣ ಎಂಜಿನ್ ಆರಿಸಿದರೆ ಎಣ್ಣೆಯ ಪಂಪೂ ನಿಲ್ಲುತ್ತದೆ, ಬೇರಿಂಗಿನಲ್ಲಿ ಸಿಕ್ಕಿಕೊಂಡ ಎಣ್ಣೆ ಅಲ್ಲೇ ಬೆಂದು ಇದ್ದಿಲಿನಂಥ ಕರಿಯಾಗಿ ಅಂಟುತ್ತದೆ. ಸಿಂಥೆಟಿಕ್ ಹೀಗೆ ಕರಕಲಾಗುವುದು ಕಡಿಮೆ. ಎರಡು ಮೂರು ನಿಮಿಷ ಎಂಜಿನ್ನನ್ನು ಹಾಗೇ ಓಡಲು ಬಿಟ್ಟು ಆಮೇಲೆ ಆರಿಸಿದರೆ ಮಿನರಲ್ ಎಣ್ಣೆಯೂ ಬಹುಮಟ್ಟಿಗೆ ಪಾರಾಗುತ್ತದೆ ಎಂಬುದನ್ನು ಮಾತ್ರ ಎಣ್ಣೆ ಮಾರುವವರು ಒತ್ತಿ ಹೇಳುವುದಿಲ್ಲ.

ಹಾಗಾದರೆ ಸಿಂಥೆಟಿಕ್ ಹಾಕಿ ಎರಡು ಪಟ್ಟು ದೂರ ಓಡಿಸಿದರೆ ಲೆಕ್ಕ ಸಮವಾಯಿತಲ್ಲ ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಶಾಖವನ್ನು ತಡೆಯುವುದು ಮೂಲ ಎಣ್ಣೆ. ಮಸಿಯನ್ನು ಗಂಟುಕಟ್ಟದಂತೆ ತೇಲಿಸಿಡುವುದು, ಆಮ್ಲವನ್ನು ಕೊಲ್ಲುವುದು ಅದಕ್ಕೆ ಬೆರೆಸಿದ ರಾಸಾಯನಿಕಗಳು. ಮೂಲ ಎಣ್ಣೆ ಎಷ್ಟು ಉತ್ತಮವಾಗಿದ್ದರೂ ಇವು ಖರ್ಚಾಗುತ್ತಲೇ ಹೋಗುತ್ತವೆ. ಇಂಜೆಕ್ಟರ್ ಸವೆದು ಕಪ್ಪು ಹೊಗೆ ಕಾರುತ್ತಾ ಏರು ಹತ್ತುವ ಹಳೆಯ ಲಾರಿಗೆ ದುಬಾರಿ ಎಣ್ಣೆ ಹಾಕಿ ಬದಲಿಸುವುದನ್ನು ಮುಂದೂಡಿದರೆ, ಮಸಿ ತುಂಬಿದ ದುಬಾರಿ ಎಣ್ಣೆಯಲ್ಲಿ ಎಂಜಿನ್ ಸವೆಯುತ್ತದೆ. ಅಂಥ ಲಾರಿಗೆ ಒಳ್ಳೆಯ ದರ್ಜೆಯ 15ಡಬ್ಲ್ಯೂ-40 ಮಿನರಲ್ ಎಣ್ಣೆಯನ್ನೇ ಹೊತ್ತಿಗೆ ಸರಿಯಾಗಿ ಬದಲಿಸುವುದು ಮೇಲು. ಉಳಿದ ಹಣ ಇಂಜೆಕ್ಟರ್ ರಿಪೇರಿಗೆ ಹೋಗಲಿ.

ಡೀಸೆಲ್ ಉಳಿಯುತ್ತದೆ ಎಂಬ ವಾದವನ್ನೂ ಲೆಕ್ಕ ಹಾಕಿಯೇ ನೋಡಬೇಕು. 15 ಲೀಟರ್ ಎಣ್ಣೆ ಹಿಡಿಯುವ ಎಂಜಿನ್, ಲೀಟರಿಗೆ 250 ರೂಪಾಯಿ ಬೆಲೆವ್ಯತ್ಯಾಸ ಎಂದಿಟ್ಟುಕೊಂಡರೆ ಒಮ್ಮೆ ತುಂಬಿಸುವಾಗ ಹೆಚ್ಚುವರಿ ಖರ್ಚು 3,750 ರೂಪಾಯಿ. ಡೀಸೆಲ್ ಲೀಟರಿಗೆ 90 ರೂಪಾಯಿಯಾದರೆ ಅದು ಸುಮಾರು 42 ಲೀಟರಿನ ಬೆಲೆ. ಉಳಿತಾಯ ನೂರಕ್ಕೆ ಒಂದು ಪಾಲಾದರೆ, ಹಾಕಿದ ದುಡ್ಡು ಮರಳಲು 4,200 ಲೀಟರ್ ಉರಿಸಬೇಕು. ತಿಂಗಳುಗಟ್ಟಲೆ ಕುಶಾಲನಗರ–ಮಂಗಳೂರು ಓಡುವ ಲಾರಿ ಒಂದೇ ಎಣ್ಣೆಯಲ್ಲಿ ಅಷ್ಟು ಉರಿಸಬಲ್ಲದು. ಕೊಯ್ಲಿನ ಕಾಲದಲ್ಲಿ ಮಾತ್ರ ಓಡುವ ತೋಟದ ಲಾರಿಗೆ ಅದು ಸಾಧ್ಯವಿಲ್ಲ. ಅದೂ ಅಲ್ಲದೆ ಈ ಉಳಿತಾಯ ಹೆಚ್ಚಾಗಿ ಬರುವುದು ಎಣ್ಣೆ ತೆಳುವಾಗಿರುವುದರಿಂದ. 40 ಎಂಬ ಗುರುತಿರುವ ಎಣ್ಣೆ ಯಾವುದೇ ಆಗಿರಲಿ, ನೂರು ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಒಂದೇ ಮಿತಿಯೊಳಗೆ ಇರಬೇಕು.

2020ರ ಏಪ್ರಿಲಿನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಮಾತ್ರ ಈ ಆಯ್ಕೆ ಮಾಲೀಕನ ಕೈಯಲ್ಲಿ ಅಷ್ಟಾಗಿ ಉಳಿದಿಲ್ಲ. ಹೊಗೆಕೊಳವೆಯಲ್ಲಿ ಕೂತ ಮಸಿಸೋಸಕ ತನ್ನಲ್ಲಿ ಸೇರಿದ ಮಸಿಯನ್ನು ಸುಟ್ಟುಕೊಳ್ಳುತ್ತದೆ, ಆದರೆ ಎಣ್ಣೆಯೊಳಗಿನ ಲೋಹದ ಲವಣಗಳು ಬಿಟ್ಟುಹೋಗುವ ಬೂದಿ ಅಲ್ಲೇ ಉಳಿದು ಸೋಸಕ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ದರ್ಜೆಯ ಎಣ್ಣೆಯನ್ನೇ ಹಾಕಬೇಕು; ಮಿನರಲ್ಲೋ ಸಿಂಥೆಟಿಕ್ಕೋ ಎಂಬುದು ಆಮೇಲಿನ ಮಾತು.

ಇನ್ನು ತೋಟದ ಲಾರಿ. ಅರೇಬಿಕಾ, ರೊಬಸ್ಟಾ ಕೊಯ್ಲಿನ ನಾಲ್ಕೈದು ತಿಂಗಳು ಬಿಡುವಿಲ್ಲದೆ ದುಡಿದು, ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲುವುದು ಅದರ ಬಾಳು. ಕೊಯ್ಲಿನ ಮಸಿ, ಆಮ್ಲ ತುಂಬಿದ ಎಣ್ಣೆ ಜೂನಿನ ತೇವದಲ್ಲಿ ತಿಂಗಳುಗಟ್ಟಲೆ ನಿಂತರೆ ಬೇರಿಂಗಿನ ಲೋಹವನ್ನು ತಿನ್ನುತ್ತದೆ. ಮಳೆ ಮುಗಿದು ಲಾರಿ ಹೊರತೆಗೆಯುವಾಗ ಎಣ್ಣೆ ಬದಲಿಸುವುದು ಹಲವರ ರೂಢಿ. ಬದಲಿಸಬೇಕಾದದ್ದು ಕೊನೆಯ ಲೋಡ್ ಇಳಿಸಿ ಬಂದ ದಿನ, ಎಂಜಿನ್ ಇನ್ನೂ ಬಿಸಿಯಾಗಿರುವಾಗ. ಎಣ್ಣೆಯ ಜೊತೆ ತೇಲುತ್ತಿರುವ ಮಸಿಯೂ ಆಗಲೇ ಪೂರ್ತಿಯಾಗಿ ಇಳಿದುಹೋಗುತ್ತದೆ. ಆಮೇಲೆ ತುಂಬಿಸುವ ಹೊಸ ಎಣ್ಣೆ ಮಾಮೂಲಿಯದಾದರೂ ಸಾಕು.