ಮತ್ತಿಯ ಮರ ಕಲಿಸಿದ ಪಾಠ

೨೦೨೦ರ ಮಳೆಗಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ನನ್ನ ಮೊಮ್ಮಗಳು ಕೊಡೆ ಹಿಡಿದು, ಮನೆಯ ಹಿಂದಣ ಗುಡ್ಡವನ್ನೇರಿ ಪಾಠ ಕೇಳುತ್ತಿದ್ದಳು. ನೆರೆಮನೆಯ ಹುಡುಗನೂ ಅವಳ ಜೊತೆಗಾರ. ಮಲೆನಾಡಿನ ನಮ್ಮ ಕಣಿವೆಗೆ ಮೊಬೈಲಿನ ಸಿಗ್ನಲ್ಲು ಇಳಿಯುತ್ತಿರಲಿಲ್ಲ. ಇಂಬಳ ಕಚ್ಚಿ ರಕ್ತ ಸೋರುತ್ತಿದ್ದ ಆ ಪುಟ್ಟ ಕಾಲುಗಳನ್ನು ಕಂಡಂದೇ, ಮನೆಗೆ ನಿಸ್ತಂತು ಅಂತರ್ಜಾಲ ತರಿಸಬೇಕೆಂದು ನಿಶ್ಚಯಿಸಿದೆ.

ಮರುವರ್ಷದ ಫಾಲ್ಗುಣದಲ್ಲಿ, ಕರಪತ್ರದಲ್ಲಿ ಅಚ್ಚಾಗಿದ್ದ ವೇಗವನ್ನು ನಂಬಿ ಒಂದು ಕಂಪನಿಗೆ ವರ್ಷದ ಹಣ ಕಟ್ಟಿದೆ. ಮಾಡಿನ ಮೇಲೆ ಆಂಟೆನಾ ಕುಳಿತಿತು. ಕೆಲಸವೂ ಸೊಗಸಾಗಿ ನಡೆಯಿತು. ಆಷಾಢ ಬಂದೊಡನೆ ಸಂಪರ್ಕ ನಿಂತಿತು. ಕಾರಣ, ಎದುರಿನ ಮತ್ತಿಯ ಮರ! ಅಂದು ಎಲೆಯುದುರಿ ಬೋಳಾಗಿದ್ದ ಅದು ಈಗ ಚಿಗುರಿ, ಮಳೆಯಲ್ಲಿ ತೊಯ್ದು, ಗೋಪುರಕ್ಕೂ ನಮಗೂ ನಡುವೆ ಗೋಡೆಯಾಗಿತ್ತು. ೭೦೦ ಮೆಗಾಹರ್ಟ್ಸಿನ ಅಲೆಯಾದರೆ ಮರಗಳ ನಡುವೆಯೂ ಒಂದಿಷ್ಟು ನುಸುಳೀತು. ೫೮೦೦ರ ಅಲೆ ಒದ್ದೆ ಎಲೆಗೇ ಸೋಲುತ್ತದೆ. ಮಾರಲು ಬಂದವನು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೆಯ ಸಲ ವೇಗವನ್ನು ವಿಚಾರಿಸಲಿಲ್ಲ. ಸುರಿಮಳೆಯ ಸಂಜೆ ಊರವರ ಜಗಲಿಗಳಲ್ಲಿ ಕುಳಿತು, ಯಾರ ಮನೆಯ ಸಂಪರ್ಕ ಉಳಿಯುತ್ತದೆಂದು ಕಣ್ಣಾರೆ ನೋಡಿದೆ. ಕರೆಂಟು ಹೋದರೆ ಗೋಪುರದ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಕೆಟ್ಟರೆ ರಿಪೇರಿಗೆ ಬರುವವನು ಯಾವ ಊರಿನವನು ಎಂದು ಕೇಳಿದೆ. ಮೊದಲು ಒಂದೇ ತಿಂಗಳ ಹಣ ಕಟ್ಟಿದೆ. ಹೀಗೆ ಆರಿಸಿದ್ದು, ನಮ್ಮ ತಾಲ್ಲೂಕಿನವರೇ ನಡೆಸುವ ಸಣ್ಣ ಸೇವೆ. ಅವರು ಆಂಟೆನಾವನ್ನು ಎತ್ತರದ ಕಬ್ಬಿಣದ ಕಂಬಕ್ಕೇರಿಸಿ, ಮರದ ತಲೆಯ ಮೇಲಿಂದ ಗೋಪುರವನ್ನು ಕಾಣಿಸಿದರು.

ವೇಗ ಸಾಧಾರಣ, ಆದರೆ ಮಳೆಗೆ ಹೆದರುವುದಿಲ್ಲ. ಸಂಜೆ ನಮ್ಮ ಜಗಲಿಯಲ್ಲಿ ಮೊಮ್ಮಗಳ ಪಕ್ಕದಲ್ಲಿ ನೆರೆಮನೆಯ ಹುಡುಗನೂ ಕುಳಿತು ಓದುತ್ತಾನೆ. ಹಳ್ಳಿಯವನು ಕರಪತ್ರವನ್ನು ಓದುವ ಮೊದಲು ತನ್ನ ಗುಡ್ಡವನ್ನೂ ಮರವನ್ನೂ ಮಳೆಯನ್ನೂ ಓದಿಕೊಳ್ಳಬೇಕು.