ಬೇಲಿ ಹಾರುವವರಿಗೆ ಯಾವ ಧ್ವಜ?

ಕ್ರಿಕೆಟ್ ಬ್ಯಾಟುಗಾರನ ಫಾರ್ಮ್ ಕೈಕೊಟ್ಟರೆ ಆತ ನೆಟ್‌ಗೆ ಹೋಗುತ್ತಾನೆ, ಒಂದೆರಡು ರಣಜಿ ಪಂದ್ಯ ಆಡುತ್ತಾನೆ, ಮೆಲ್ಲಗೆ ಕೈ ಕುದುರಿಸಿಕೊಳ್ಳುತ್ತಾನೆ. ಬೇಲಿ ಹಾರುವ ಕುದುರೆಯ ಸವಾರನಿಗೆ, ಅಂದರೆ ಜಂಪ್ ಜಾಕಿಗೆ, ಆ ಪುಣ್ಯವಿಲ್ಲ. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ನಾವು ಕಾಣುವುದು ಸಮತಟ್ಟಾದ ಹುಲ್ಲಿನ ಮೇಲಿನ ಓಟ. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಚಳಿಗಾಲವಿಡೀ ನಡೆಯುವ ಸ್ಟೀಪಲ್‌ಚೇಸ್‌ನಲ್ಲಾದರೋ ಅರ್ಧ ಟನ್ ತೂಗುವ ಕುದುರೆ ನಾಲ್ಕೂವರೆ ಅಡಿಯ ಬೇಲಿಗಳನ್ನು ಓಟದ ಭರದಲ್ಲೇ ಹಾರಬೇಕು. ಇಂಗ್ಲೆಂಡಿನ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಓಟದಲ್ಲಿ ಅಂಥ ಹಾರಾಟ 30. ಇಲ್ಲಿ ಬೀಳುವುದನ್ನು ಯಾರೂ ಅಪಘಾತ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಕಸುಬಿನ ಪಾಲು. ಬಿದ್ದು ಮೂಳೆ ಮುರಿದುಕೊಂಡವರು ಮತ್ತೆ ತಡಿ ಏರಿದಾಗ ಅವರ ಬಗ್ಗೆ ಎರಡು ಪ್ರಶ್ನೆಗಳು ಏಳುತ್ತವೆ: ಹಳೆಯ ಫಾರ್ಮ್ ಬಂದಿದೆಯೇ? ಗೆದ್ದರೆ ಆ ಗೆಲುವು ಯಾವ ದೇಶದ್ದು? ಎರಡರಲ್ಲೂ ಒಂದೇ ತಪ್ಪು ಅಡಗಿದೆ ಎಂಬುದು ನನ್ನ ವಾದ. ಜಾಕಿಯ ಸುತ್ತ ಹೆಣೆದುಕೊಂಡ ನಂಟಿನಲ್ಲಿರುವುದನ್ನು ನಾವು ಜಾಕಿಯ ಮೈಯಲ್ಲಿ ಹುಡುಕುತ್ತೇವೆ.

ಮೊದಲು ಫಾರ್ಮ್ ವಿಚಾರ. ಜಾಕಿ ಟೋನಿ ಮೆಕಾಯ್ 2008ರ ಜನವರಿಯಲ್ಲಿ ವಾರಿಕ್‌ನಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಶೂನ್ಯಕ್ಕಿಂತ ನೂರು ಡಿಗ್ರಿಗೂ ಕೆಳಗಿನ ಶೀತಕೋಣೆಯಲ್ಲಿ ನಿಂತು ಚಿಕಿತ್ಸೆ ಪಡೆದು ಮಾರ್ಚ್‌ನ ಚೆಲ್ಟನ್‌ಹ್ಯಾಮ್ ರೇಸ್ ಉತ್ಸವಕ್ಕೆ ಮರಳಿದರು, ಆಲ್ಬರ್ಟಾಸ್ ರನ್ ಎಂಬ ಕುದುರೆಯ ಮೇಲೆ ಗೆದ್ದೂ ಬಿಟ್ಟರು. ಪತ್ರಿಕೆಗಳು ಮೆಚ್ಚಿದ್ದು ಆ ಶೀತಕೋಣೆಯ ಛಲವನ್ನು. ಆದರೆ ಆ ಕುದುರೆಯ ತಡಿ ಅವರಿಗಾಗಿ ಕಾದಿತ್ತು, ಅದನ್ನು ಕಾದಿರಿಸಿದವರು ತರಬೇತುದಾರ ಜಾಂಜೋ ಓನೀಲ್. ಇನ್ನೂ ಸ್ಪಷ್ಟವಾದ ನಿದರ್ಶನ ಐರಿಷ್ ಜಾಕಿ ಜಾಕ್ ಕೆನಡಿಯದು. 2023ರ ಜನವರಿಯಲ್ಲಿ ಆತನ ಕಾಲು ಮುರಿಯಿತು, ಅದೂ ಐದನೆಯ ಸಲ. ತರಬೇತುದಾರ ಗಾರ್ಡನ್ ಎಲಿಯಟ್ ಅವರ ಲಾಯದಲ್ಲಿ ಆತನ ಜಾಗ ತುಂಬಲು ಬಂದವರು ಡೇವಿ ರಸೆಲ್. ಟೈಗರ್ ರೋಲ್ ಮೇಲೆ 2018 ಮತ್ತು 2019ರ ಗ್ರ್ಯಾಂಡ್ ನ್ಯಾಷನಲ್ ಗೆದ್ದ ರಸೆಲ್, 2020ರಲ್ಲಿ ಕತ್ತು ಮುರಿದುಕೊಂಡು ಸುಮಾರು ಹನ್ನೊಂದು ತಿಂಗಳು ಮೂಲೆ ಹಿಡಿದಿದ್ದವರು; ಕೆನಡಿ ಬೀಳುವುದಕ್ಕೆ ತಿಂಗಳೊಪ್ಪತ್ತಿನ ಹಿಂದಷ್ಟೇ ನಿವೃತ್ತಿ ಘೋಷಿಸಿದ್ದರು. 43ರ ವಯಸ್ಸಿನಲ್ಲಿ ನಿವೃತ್ತಿ ಮುರಿದು ಬಂದು, ಏಪ್ರಿಲ್‌ನಲ್ಲಿ ಏಂಟ್ರಿ ಮುಗಿಯುವವರೆಗೆ ಸವಾರಿ ಮಾಡಿ ಮತ್ತೆ ಮನೆಗೆ ಹೋದರು. ಲಾಯ ಕೆನಡಿಯ ಕೈಬಿಡಲಿಲ್ಲ. 2023–24ರಲ್ಲಿ ಆತ ಐರ್ಲೆಂಡ್‌ನ ಚಾಂಪಿಯನ್ ಜಾಕಿ.

ಹಾಗಾದರೆ ಎದೆಗಾರಿಕೆಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಬೇಲಿಯ ಮುಂದೆ ಅಳುಕುವ ಸವಾರನ ತೊಡೆಯ ಬಿಗಿತ ಕುದುರೆಗೆ ತಿಳಿದುಹೋಗುತ್ತದೆ, ಅಲ್ಲಿಗೆ ಓಟ ಕೆಟ್ಟಂತೆಯೇ. ಆದರೆ ಎದೆಗಾರಿಕೆಯನ್ನು ತೋರಿಸಲು ಒಂದು ಕುದುರೆ ಬೇಕು, ಒಳ್ಳೆಯ ಕುದುರೆಯನ್ನು ಕೊಡುವವರು ಬೇರೆ ಯಾರೋ. ಎಷ್ಟೇ ಧೈರ್ಯವಂತ ಜಾಕಿಯಾದರೂ ಮಂದ ಕುದುರೆಗಳ ಮೇಲೆ ಕೂತು ಆರು ವಾರ ಸೋತರೆ ಮಾಲೀಕರು ಫೋನ್ ಮಾಡುವುದನ್ನು ಬಿಡುತ್ತಾರೆ. ಆಮೇಲೆ ಜನ ಅದನ್ನೇ ಫಾರ್ಮ್ ಹೋಯಿತು ಎನ್ನುತ್ತಾರೆ. ಫಾರ್ಮ್ ಎಂಬುದು ಮುಕ್ಕಾಲುಪಾಲು ಸಾಲ. ಊರವರ ನಂಬಿಕೆ ಇರುವವರೆಗೆ ಸಿಗುವಂಥದ್ದು.

ದೇಶದ ಪ್ರಶ್ನೆಗೂ ಇದೇ ಮಾತು ಸಲ್ಲುತ್ತದೆ. ಜಂಪ್ ರೇಸಿಂಗ್ ಚರಿತ್ರೆಯಲ್ಲಿ ಐರ್ಲೆಂಡ್–ಇಂಗ್ಲೆಂಡ್ ಕಾಳಗ ಎಂದು ಎಲ್ಲಕ್ಕಿಂತ ದೊಡ್ಡ ಹೆಸರು ಪಡೆದದ್ದು 1964ರ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್. ಐರಿಷರ ಆರ್ಕಲ್, ಇಂಗ್ಲಿಷರ ಮಿಲ್ ಹೌಸ್. ಆರ್ಕಲ್ ಐದು ಕುದುರೆಯುದ್ದದಿಂದ ಗೆದ್ದಾಗ ಒಂದು ಚಿಕ್ಕ ದೇಶ ತನ್ನ ಹಳೆಯ ಒಡೆಯನನ್ನು ಮಣಿಸಿದಷ್ಟು ಸಂಭ್ರಮಪಟ್ಟಿತು. ಸ್ವಲ್ಪ ಹತ್ತಿರದಿಂದ ನೋಡೋಣ. ಮಿಲ್ ಹೌಸ್ ಹುಟ್ಟಿದ್ದೂ ಐರ್ಲೆಂಡ್‌ನಲ್ಲೇ. ಅದರ ಮೇಲಿದ್ದ ವಿಲ್ಲಿ ರಾಬಿನ್‌ಸನ್, ಆರ್ಕಲ್ ಮೇಲಿದ್ದ ಪ್ಯಾಟ್ ಟ್ಯಾಫ್ ಇಬ್ಬರೂ ಐರಿಷರು. ‘ಐರಿಷ್’ ಆರ್ಕಲ್‌ನ ಒಡತಿಯೋ ವೆಸ್ಟ್‌ಮಿನ್‌ಸ್ಟರ್‌ನ ಡಚೆಸ್! ಮಿಲ್ ಹೌಸ್‌ಗೆ ಇಂಗ್ಲಿಷ್ ಗುರುತು ತಂದದ್ದು ಅದರ ಲಾಯ ಮತ್ತು ಮಾಲೀಕ ಮಾತ್ರ. ಈಗಲೂ ಚೆಲ್ಟನ್‌ಹ್ಯಾಮ್‌ನಲ್ಲಿ ಪ್ರೆಸ್ಟ್‌ಬರಿ ಕಪ್ ಎಂಬ ಎರಡು ದೇಶಗಳ ಲೆಕ್ಕ ನಡೆಯುತ್ತದೆ, ಅದು ನೋಡುವುದು ಕುದುರೆಯ ಲಾಯ ಎಲ್ಲಿದೆ ಎಂಬುದನ್ನು. 2021ರಲ್ಲಿ 28 ಓಟಗಳಲ್ಲಿ 23 ಐರ್ಲೆಂಡ್‌ನ ಪಾಲಾದಾಗ ಬ್ರಿಟನ್‌ನಲ್ಲಿ ದೊಡ್ಡ ಅವಮಾನ ಎಂಬಂತೆ ಚರ್ಚೆಯಾಯಿತು. ಇದೇ ಅಳತೆಗೋಲನ್ನು 2010ರ ಗ್ರ್ಯಾಂಡ್ ನ್ಯಾಷನಲ್‌ಗೆ ಇಟ್ಟು ನೋಡಿ: ಗೆದ್ದ ಡೋಂಟ್ ಪುಶ್ ಇಟ್ ಬ್ರಿಟನ್ನಿನ ಕುದುರೆಯಾಗುತ್ತದೆ. ಆದರೆ ಸವಾರ ಆಂಟ್ರಿಮ್‌ನ ಮೆಕಾಯ್, ತರಬೇತುದಾರ ಕಾರ್ಕ್‌ನ ಓನೀಲ್, ಮಾಲೀಕ ಲಿಮೆರಿಕ್‌ನ ಜೆ.ಪಿ. ಮೆಕ್‌ಮ್ಯಾನಸ್; ಬ್ರಿಟನ್ನಿನದು ಗ್ಲೌಸ್ಟರ್‌ಷೈರ್‌ನ ಲಾಯದ ನೆಲ. 2022ರ ಗೋಲ್ಡ್ ಕಪ್ ಇದಕ್ಕೆ ತಿರುಗಾಮುರುಗ. ಅದನ್ನು ಗೆದ್ದ ‘ಆ ಪ್ಲೂ ಟಾರ್’ ಹುಟ್ಟಿದ್ದು ಫ್ರಾನ್ಸ್‌ನಲ್ಲಿ, ಒಡೆತನ ಇಂಗ್ಲೆಂಡಿನ ಚೀವ್ಲಿ ಪಾರ್ಕ್ ಸ್ಟಡ್‌ನದು, ಲಾಯ ಐರ್ಲೆಂಡ್‌ನಲ್ಲಿದ್ದುದರಿಂದ ಲೆಕ್ಕ ಮಾತ್ರ ಐರ್ಲೆಂಡ್‌ನದು.

ಆ ಕುದುರೆಯ ಮೇಲಿದ್ದವರು ಟಿಪ್ಪರರಿಯ ರೇಚಲ್ ಬ್ಲ್ಯಾಕ್‌ಮೋರ್, 2021ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದ ಮೊದಲ ಮಹಿಳೆ. 2024ರ ಸೆಪ್ಟೆಂಬರ್‌ನಲ್ಲಿ ಅವರ ಕತ್ತಿಗೆ ಪೆಟ್ಟಾದದ್ದು ಡೌನ್‌ಪ್ಯಾಟ್ರಿಕ್‌ನಲ್ಲಿ. ಭೂಪಟದ ಪ್ರಕಾರ ಅದು ಯುನೈಟೆಡ್ ಕಿಂಗ್‌ಡಮ್, ರೇಸಿನ ಪ್ರಕಾರ ಐರ್ಲೆಂಡ್. ಗಡಿಯ ಆಚೆಯ ಡೌನ್‌ಪ್ಯಾಟ್ರಿಕ್, ಡೌನ್ ರಾಯಲ್ ಎರಡೂ ಇಡೀ ದ್ವೀಪಕ್ಕೆ ಒಂದೇ ಆಗಿರುವ ಐರಿಷ್ ರೇಸಿಂಗ್ ಆಡಳಿತದ ಕೆಳಗೇ ಇವೆ. ದ್ವೀಪ ಇಬ್ಭಾಗವಾಗಿ ನೂರು ವರ್ಷ ಕಳೆದರೂ ಕುದುರೆಗಳಿಗೆ ಆ ಗೆರೆ ಕಂಡಿಲ್ಲ. ಬ್ಲ್ಯಾಕ್‌ಮೋರ್ ಡಿಸೆಂಬರ್‌ನಲ್ಲಿ ಮರಳಿದರು. ಮಾರ್ಚ್‌ನಲ್ಲಿ ಬಾಬ್ ಆಲಿಂಜರ್ ಮೇಲೆ ಚೆಲ್ಟನ್‌ಹ್ಯಾಮ್‌ನ ಸ್ಟೇಯರ್ಸ್ ಹರ್ಡಲ್ ಗೆದ್ದರು, ಮೇ ತಿಂಗಳಲ್ಲಿ ನಿವೃತ್ತರಾದರು. ಫಾರ್ಮ್ ಬಂತೋ ಇಲ್ಲವೋ ಎಂಬ ಚರ್ಚೆಗೆ ಅವರು ಉತ್ತರ ಕೊಟ್ಟು ಹೋದ ರೀತಿ ಇದು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಲೆಕ್ಕ ಪೊಳ್ಳಾದರೂ ಭಾವನೆ ಪೊಳ್ಳಲ್ಲ. ಚೆಲ್ಟನ್‌ಹ್ಯಾಮ್‌ನ ದಿಬ್ಬವೇರಿ ಬರುವ ಐರಿಷ್ ಕುದುರೆಗೆ ಸಿಗುವ ಕೂಗು ಬರಿಯ ಪಣದ ಹಣದ್ದಲ್ಲ. ಬಡತನದ ದಶಕಗಳಲ್ಲಿ ದುಡಿಮೆ ಅರಸಿ ಇಂಗ್ಲೆಂಡಿಗೆ ಹೋದ ಐರಿಷರಿಗೆ ವರ್ಷಕ್ಕೊಮ್ಮೆ ತಲೆಯೆತ್ತಿ ನಿಲ್ಲಲು ಸಿಕ್ಕ ಜಾಗ ಅದು. ಒಪ್ಪುತ್ತೇನೆ. ಆದರೆ ಆ ಭಾವನೆಗೆ ಒಂದೇ ಧ್ವಜ ಸಾಕಾಗುವುದಿಲ್ಲ ಎಂಬುದಕ್ಕೆ ಮೆಕಾಯ್ ಅವರ ಬದುಕೇ ಸಾಕ್ಷಿ. ಹುಟ್ಟಿದ್ದು ಉತ್ತರ ಐರ್ಲೆಂಡ್‌ನ ಮನಿಗ್ಲಾಸ್‌ನಲ್ಲಿ. ಕಸುಬು ಕಲಿತದ್ದು ಗಡಿಯ ದಕ್ಷಿಣಕ್ಕೆ, ತರಬೇತುದಾರ ಜಿಮ್ ಬೋಲ್ಜರ್ ಅವರ ಲಾಯದಲ್ಲಿ. ಮೊದಲ ಗೆಲುವು 1992ರಲ್ಲಿ ಟಿಪ್ಪರರಿಯ ಥರ್ಲ್ಸ್‌ನಲ್ಲಿ. ಸತತ 20 ಚಾಂಪಿಯನ್ ಪಟ್ಟ ಬ್ರಿಟನ್ನಿನಲ್ಲಿ. 2010ರಲ್ಲಿ ಬಿಬಿಸಿಯ ವರ್ಷದ ಕ್ರೀಡಾವ್ಯಕ್ತಿ ಪ್ರಶಸ್ತಿ, 2016ರಲ್ಲಿ ನೈಟ್ ಪದವಿ. ಅವರನ್ನು ಬೆಲ್‌ಫಾಸ್ಟ್‌ನವರು ತಮ್ಮವರೆಂದರು, ಡಬ್ಲಿನ್‌ನವರು ತಮ್ಮವರೆಂದರು, ಲಂಡನ್ ‘ಸರ್’ ಎಂದು ಕರೆಯಿತು. ಗೆದ್ದ ನಾಲ್ಕು ಸಾವಿರಕ್ಕೂ ಮಿಕ್ಕ ಓಟಗಳಲ್ಲಿ ಹೆಚ್ಚಿನವಕ್ಕೆ ಅವರು ತೊಟ್ಟದ್ದು ಯಾವ ದೇಶದ ಬಣ್ಣವನ್ನೂ ಅಲ್ಲ, ಆಯಾ ಕುದುರೆಯ ಮಾಲೀಕರು ಕೊಟ್ಟ ರೇಷ್ಮೆ ಅಂಗಿಯನ್ನು.